ಒಬ್ಬರ ಸ್ಕ್ರಿಪ್ಟ್ ಐವರ ಕೈಗೆ ಹೋದಾಗ: ಕ್ವಿಲ್ಟ್ ಪ್ಯಾಚ್ ಸ್ಕ್ರಿಪ್ಟ್‌ಗಳ ದೋಷ ಹುಡುಕುವ ಬಗೆ

ಲಿನಕ್ಸ್ ಕರ್ನಲ್ ಮೇಲೆ ನಮ್ಮ ಬೋರ್ಡಿಗೆಂದೇ ಅರವತ್ತು ಚಿಲ್ಲರೆ ಪ್ಯಾಚ್‌ಗಳಿವೆ, ಅಂದರೆ ಮೂಲ ಕೋಡ್‌ಗೆ ಮಾಡಿದ ಬದಲಾವಣೆಗಳನ್ನು ಬರೆದಿಟ್ಟ ಫೈಲ್‌ಗಳು. ಎರಡು ವರ್ಷ ಅವನ್ನು ನೋಡಿಕೊಂಡವಳು ನಾನೊಬ್ಬಳೇ. ದಿನಾ ಮಾಡುವ ಕೆಲಸಕ್ಕೆ, ಪ್ಯಾಚ್‌ಗಳನ್ನು ಒಂದರ ಮೇಲೊಂದು ಪೇರಿಸಿ ನಿಭಾಯಿಸುವ ಕ್ವಿಲ್ಟ್ ಎಂಬ ಸಲಕರಣೆಯ ಸುತ್ತ ನಾಲ್ಕು ಸಣ್ಣ ಬ್ಯಾಶ್ ಸ್ಕ್ರಿಪ್ಟ್ ಬರೆದುಕೊಂಡಿದ್ದೆ: ಎಲ್ಲ ಪ್ಯಾಚ್ ಅಪ್ಲೈ ಮಾಡುವುದಕ್ಕೆ ಒಂದು, ಬದಲಾವಣೆ ಉಳಿಸುವುದಕ್ಕೆ ಒಂದು, ಹೊಸ ಕರ್ನಲ್ ಆವೃತ್ತಿಗೆ ಪ್ಯಾಚ್‌ಗಳನ್ನು ಸಾಗಿಸುವುದಕ್ಕೆ ಒಂದು, ಬಿಲ್ಡ್‌ಗೆ ಒಂದು. ಆ ಎರಡು ವರ್ಷ ಅವು ಒಂದು ದಿನವೂ ತಕರಾರು ಮಾಡಲಿಲ್ಲ. ತಂಡ ಐದು ಜನರದ್ದಾದ ಮೇಲೆ ಅವನ್ನೇ ‘ಟೂಲ್ಸ್’ ಫೋಲ್ಡರಿಗೆ ಹಾಕಿ, ಎಲ್ಲರೂ ಬಳಸಿ ಅಂದೆ. ಮೊದಲ ವಾರದಲ್ಲೇ ನಾಲ್ಕು ಜನರಿಂದ ನಾಲ್ಕು ತರದ ದೂರು ಬಂತು. ಯಾವುದೂ ನನ್ನ ಯಂತ್ರದಲ್ಲಿ ಮರುಕಳಿಸಲಿಲ್ಲ.

ಮುಂದಿನ ಕೆಲವು ತಿಂಗಳು ಆ ದೂರುಗಳ ಬೆನ್ನುಹತ್ತಿ ಕಂಡುಕೊಂಡದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಸ್ಕ್ರಿಪ್ಟ್‌ನಲ್ಲಿ ಬರೆದ ಸಾಲುಗಳಲ್ಲಿ ತಪ್ಪು ಕಡಿಮೆ ಇತ್ತು. ಬರೆಯದೇ ಬಿಟ್ಟದ್ದರಲ್ಲಿ ಹೆಚ್ಚಿತ್ತು. ನಾನು ಸಂಜೆ ಹೊರಡುವ ಮುಂಚೆ ಏನು ಮಾಡುತ್ತೇನೆ, ಯಾವ ಎಡಿಟರ್ ಬಳಸುತ್ತೇನೆ, ನನ್ನ ಫೋಲ್ಡರಿಗೆ ಏನು ಹೆಸರಿದೆ, ಇವೆಲ್ಲ ಗೊತ್ತಿಲ್ಲದಂತೆ ಆ ಸ್ಕ್ರಿಪ್ಟ್ ಒಳಗೆ ಕೂತಿದ್ದವು.

ಓದುವ ಮುಂಚೆ ಒಂದು ಮಾತು. ಕಮಾಂಡ್‌, ಆಯ್ಕೆ, ವೇರಿಯಬಲ್‌ಗಳನ್ನೆಲ್ಲ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ‘ಕ್ವಿಲ್ಟ್_ಪ್ಯಾಚಸ್’ ತರದ ವೇರಿಯಬಲ್‌ಗಳು ಪೂರ್ತಿ ದೊಡ್ಡಕ್ಷರದಲ್ಲಿರುತ್ತವೆ.

ಮೊದಲ ಐದು ನಿಮಿಷ

ದೂರು ಯಾವುದೇ ಇರಲಿ, ಪ್ಯಾಚ್ ಫೈಲನ್ನು ತೆರೆಯಲು ಹೋಗಬೇಡಿ. ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ, ನಾನೂ ಹೋಗುತ್ತಿದ್ದೆ. ದೋಷ ಇರಬಹುದಾದ ಜಾಗ ಮೂರು: ಆ ವ್ಯಕ್ತಿಯ ಸ್ವಂತ ಸೆಟ್ಟಿಂಗ್, ಕ್ವಿಲ್ಟ್ ಇಟ್ಟುಕೊಂಡಿರುವ ಸ್ಥಿತಿ, ಪ್ಯಾಚ್‌ನ ಒಳಗಿನ ಸಾಲುಗಳು. ಇದೇ ಕ್ರಮದಲ್ಲಿ ನೋಡಿದರೆ ಸಮಯ ಉಳಿಯುತ್ತದೆ, ಏಕೆಂದರೆ ಮೊದಲ ಎರಡನ್ನು ನೋಡುವುದಕ್ಕೆ ಒಂದೊಂದು ಕಮಾಂಡ್ ಸಾಕು.

ಸ್ವಂತ ಸೆಟ್ಟಿಂಗ್‌ನದ್ದೇ ದೋಷವಾ ಅಂತ ತಿಳಿಯಲು, ವಿಫಲವಾದ ಅದೇ ಕಮಾಂಡನ್ನು ‘ಕ್ವಿಲ್ಟ್ --ಕ್ವಿಲ್ಟ್‌ಆರ್‌ಸಿ -’ ಎಂದು ಶುರುಮಾಡಿ ಮತ್ತೆ ಓಡಿಸಿ. ಕೊನೆಯ ಆ ಒಂಟಿ ಅಡ್ಡಗೆರೆಗೆ ‘ಯಾವ ಸೆಟ್ಟಿಂಗ್ ಫೈಲನ್ನೂ ಓದಬೇಡ’ ಎಂಬ ಅರ್ಥ. ಈಗ ಕೆಲಸ ಮಾಡಿತು ಅಂದರೆ ದೋಷ ಆ ವ್ಯಕ್ತಿಯ ಹೋಮ್ ಫೋಲ್ಡರ್‌ನ ‘.ಕ್ವಿಲ್ಟ್‌ಆರ್‌ಸಿ’ಯಲ್ಲಿದೆ. ಹೋಮ್‌ನಲ್ಲಿ ಆ ಫೈಲ್ ಇಲ್ಲದಿದ್ದರೆ ಕ್ವಿಲ್ಟ್ ‘ಇಟಿಸಿ’ ಫೋಲ್ಡರ್‌ನಲ್ಲಿರುವ ‘ಕ್ವಿಲ್ಟ್.ಕ್ವಿಲ್ಟ್‌ಆರ್‌ಸಿ’ಯನ್ನು ಓದುತ್ತದೆ, ಅದನ್ನೂ ಮರೆಯಬಾರದು. ಈ ಫೈಲ್ ಬರೀ ಹೆಸರು-ಬೆಲೆಗಳ ಪಟ್ಟಿಯಲ್ಲ. ಕ್ವಿಲ್ಟ್ ಅದನ್ನು ಬ್ಯಾಶ್ ಸ್ಕ್ರಿಪ್ಟ್ ಆಗಿಯೇ ಓಡಿಸುತ್ತದೆ, ಅದರೊಳಗೆ ಏನು ಬೇಕಾದರೂ ಇರಬಹುದು.

ಅಡ್ಡಗೆರೆ ಕೊಟ್ಟರೂ ತಪ್ಪಿಸಲಾಗದ್ದು ಒಂದಿದೆ: ‘.ಬ್ಯಾಶ್‌ಆರ್‌ಸಿ’ಯಲ್ಲಿ ಎಕ್ಸ್‌ಪೋರ್ಟ್ ಮಾಡಿಟ್ಟ ವೇರಿಯಬಲ್‌ಗಳು. ‘ಎನ್ವ್’ ಕೊಟ್ಟು ಕ್ವಿಲ್ಟ್ ಎಂದು ಶುರುವಾಗುವ ಸಾಲುಗಳನ್ನು ಗ್ರೆಪ್ ಮಾಡಿ ನೋಡಿ. ಇಷ್ಟಕ್ಕೂ ಸಿಗದಿದ್ದರೆ ‘--ಟ್ರೇಸ್’ ಆಯ್ಕೆಯಿದೆ. ಕ್ವಿಲ್ಟ್ ಸ್ವತಃ ಬ್ಯಾಶ್‌ನಲ್ಲಿ ಬರೆದದ್ದಾದ್ದರಿಂದ ಒಳಗೆ ನಡೆದ ಪ್ರತಿ ಹೆಜ್ಜೆಯೂ ತೆರೆಯ ಮೇಲೆ ಬರುತ್ತದೆ.

ಎರಡನೆಯದು ಸ್ಥಿತಿ. ಯಾವ ಪ್ಯಾಚ್‌ಗಳು ಈಗ ಅಪ್ಲೈ ಆಗಿವೆ ಎಂಬ ಲೆಕ್ಕವನ್ನು ಕ್ವಿಲ್ಟ್ ‘.ಪಿಸಿ’ ಫೋಲ್ಡರ್‌ನ ‘ಅಪ್ಲೈಡ್-ಪ್ಯಾಚಸ್’ ಫೈಲ್‌ನಲ್ಲಿ ಇಡುತ್ತದೆ. ಪ್ಯಾಚ್‌ಗಳ ಕ್ರಮ ‘ಸೀರೀಸ್’ ಫೈಲ್‌ನಲ್ಲಿದೆ. ಮೊದಲ ಫೈಲ್‌ನಲ್ಲಿರುವ ಹೆಸರುಗಳು ಎರಡನೆಯದರ ಮೊದಲ ಅಷ್ಟು ಹೆಸರುಗಳೇ ಆಗಿರಬೇಕು, ಅದೇ ಕ್ರಮದಲ್ಲಿರಬೇಕು. ಇಲ್ಲ ಅಂದರೆ ಕೆಳಗೆ ‘ಬ್ರಾಂಚ್ ಬದಲಿಸಿದ ಮೇಲೆ’ ಭಾಗಕ್ಕೆ ನೇರ ಹೋಗಿ.

ಪ್ಯಾಚ್ ಉಳಿಸಿದರೆ ಎಲ್ಲ ಪ್ಯಾಚ್‌ಗಳೂ ಬದಲಾಗಿವೆ

ಮೊದಲು ಬಂದ ದೂರು ಇದು. ಹೊಸದಾಗಿ ಸೇರಿದ ಹುಡುಗಿ ಒಂದು ಡ್ರೈವರ್‌ನಲ್ಲಿ ಎರಡು ಸಾಲು ತಿದ್ದಿ, ಆಮೇಲೆ ಇಡೀ ಪ್ಯಾಚ್ ಸರಣಿಯನ್ನು ಒಮ್ಮೆ ರಿಫ್ರೆಶ್ ಮಾಡಿ (ಅಂದರೆ ಪ್ಯಾಚ್ ಫೈಲ್‌ಗಳನ್ನು ಹೊಸದಾಗಿ ಬರೆಸಿ) ಕಮಿಟ್ ಕಳಿಸಿದ್ದಳು. ಅರವತ್ತೂ ಪ್ಯಾಚ್ ಫೈಲ್ ಬದಲಾಗಿವೆ ಅಂತ, ಬದಲಾವಣೆಗಳ ದಾಖಲೆ ಇಡುವ ಗಿಟ್ ತೋರಿಸುತ್ತಿತ್ತು. ‘ಮೇಡಂ, ನಾನು ಅಷ್ಟೆಲ್ಲ ಮುಟ್ಟೇ ಇಲ್ಲ’ ಅಂತ ಅವಳು ಗಾಬರಿಯಾಗಿದ್ದಳು. ನಿಜ, ಅವಳು ಮುಟ್ಟಿರಲಿಲ್ಲ.

ಒಂದು ಪ್ಯಾಚ್ ತೆರೆದು ತಲೆಯ ಸಾಲುಗಳನ್ನು ನೋಡಿದೆ. ನನ್ನಲ್ಲಿ ‘--- ಲಿನಕ್ಸ್-ಬೋರ್ಡ್.ಆರಿಜ್/ಡ್ರೈವರ್ಸ್/…’ ಎಂದಿದ್ದದ್ದು ಅವಳಲ್ಲಿ ‘--- ಕೆಲಸ2.ಆರಿಜ್/ಡ್ರೈವರ್ಸ್/…’ ಆಗಿತ್ತು. ಕರ್ನಲ್ ಇಟ್ಟುಕೊಂಡ ಫೋಲ್ಡರಿಗೆ ಅವಳು ‘ಕೆಲಸ2’ ಅಂತ ಹೆಸರಿಟ್ಟಿದ್ದಳು. ಬೇರೇನೂ ಹೇಳದಿದ್ದರೆ ಕ್ವಿಲ್ಟ್ ನೀವು ನಿಂತಿರುವ ಫೋಲ್ಡರಿನ ಹೆಸರನ್ನೇ ಪ್ಯಾಚ್‌ನ ತಲೆಯಲ್ಲಿ ಬರೆಯುತ್ತದೆ. ಅದರ ಪಕ್ಕದಲ್ಲಿ ಫೈಲಿನ ದಿನಾಂಕ-ಸಮಯ, ಮೇಲೆ ‘ಇಂಡೆಕ್ಸ್:’ ಎಂಬ ಸಾಲು. ಒಬ್ಬಳೇ ಇದ್ದಾಗ ಫೋಲ್ಡರಿನ ಹೆಸರು ಯಾವತ್ತೂ ಬದಲಾಗಲಿಲ್ಲ, ಹಾಗಾಗಿ ಇದು ಕಣ್ಣಿಗೆ ಬೀಳಲಿಲ್ಲ.

ಪರಿಹಾರ ಸರಳ. ರಿಫ್ರೆಶ್‌ಗೆ ‘-ಪಿ ಎಬಿ’, ‘--ನೋ-ಟೈಮ್‌ಸ್ಟ್ಯಾಂಪ್ಸ್’, ‘--ನೋ-ಇಂಡೆಕ್ಸ್’ ಮೂರನ್ನೂ ಕೊಡಬೇಕು. ಆಗ ಯಾರ ಯಂತ್ರದಲ್ಲಾದರೂ ತಲೆಯ ಸಾಲು ‘ಎ/ಡ್ರೈವರ್ಸ್…’, ‘ಬಿ/ಡ್ರೈವರ್ಸ್…’ ಎಂದೇ ಬರುತ್ತದೆ. ಆದರೆ ‘ನಿಮ್ಮ ಕ್ವಿಲ್ಟ್‌ಆರ್‌ಸಿಯಲ್ಲಿ ಈ ಸಾಲು ಹಾಕಿಕೊಳ್ಳಿ’ ಅಂತ ಐದು ಜನಕ್ಕೆ ಮೆಸೇಜ್ ಕಳಿಸಬೇಡಿ. ಇಬ್ಬರು ಹಾಕುತ್ತಾರೆ, ಒಬ್ಬರು ತಪ್ಪಾಗಿ ಹಾಕುತ್ತಾರೆ, ಆರನೆಯವರು ಸೇರಿದಾಗ ಯಾರಿಗೂ ನೆನಪಿರುವುದಿಲ್ಲ. ಆ ಸೆಟ್ಟಿಂಗ್ ಫೈಲನ್ನು ರೆಪೊ (ಎಲ್ಲರೂ ಹಂಚಿಕೊಳ್ಳುವ ಗಿಟ್ ಸಂಗ್ರಹ) ಒಳಗೇ ‘ಟೂಲ್ಸ್/ಕ್ವಿಲ್ಟ್‌ಆರ್‌ಸಿ’ ಅಂತ ಇಡಿ. ಹಂಚಿಕೊಂಡ ಸ್ಕ್ರಿಪ್ಟ್‌ಗಳು ಪ್ರತಿ ಸಲ ಕ್ವಿಲ್ಟ್‌ನ ಹೆಸರಿನ ಪಕ್ಕದಲ್ಲೇ, ಕಮಾಂಡಿಗೆ ಮುಂಚೆ, ‘--ಕ್ವಿಲ್ಟ್‌ಆರ್‌ಸಿ’ ಕೊಟ್ಟು ಆ ಫೈಲನ್ನೇ ಓದಲಿ. ಕೈಯಲ್ಲಿ ಟೈಪ್ ಮಾಡುವಾಗ ಅವರವರ ಸೆಟ್ಟಿಂಗ್ ಅವರವರಿಗೆ. ಬಣ್ಣ ಬೇಕಾದವರಿಗೆ ಬಣ್ಣ, ಬೇರೆ ಎಡಿಟರ್ ಬೇಕಾದವರಿಗೆ ಅದು.

ಹಳೆಯ ಪ್ಯಾಚ್‌ಗಳನ್ನು ಒಮ್ಮೆ ಹೊಸ ರೂಪಕ್ಕೆ ತರಬೇಕಾಗುತ್ತದೆ. ಎಲ್ಲ ಪಾಪ್ ಮಾಡಿ (ಅಪ್ಲೈ ಆದದ್ದನ್ನು ಬಿಚ್ಚಿ), ಒಂದೊಂದಾಗಿ ಪುಶ್ ಮಾಡುತ್ತ (ಮತ್ತೆ ಅಪ್ಲೈ ಮಾಡುತ್ತ), ಪ್ರತಿಯೊಂದನ್ನೂ ರಿಫ್ರೆಶ್ ಮಾಡಿ, ಅದನ್ನೆಲ್ಲ ಒಂದೇ ಪ್ರತ್ಯೇಕ ಕಮಿಟ್ ಆಗಿ ಹಾಕಿ. ಅದರ ಜೊತೆ ಕೋಡ್ ಬದಲಾವಣೆ ಒಂದಕ್ಷರವೂ ಸೇರಬಾರದು. ಯಾರದಾದರೂ ಸೆಟ್ಟಿಂಗ್‌ನಲ್ಲಿ ‘--ಸ್ಟ್ರಿಪ್-ಟ್ರೇಲಿಂಗ್-ವೈಟ್‌ಸ್ಪೇಸ್’ ಇದೆಯಾ ನೋಡಿ. ಇದ್ದರೆ ಸಾಲಿನ ಕೊನೆಯ ಖಾಲಿ ಜಾಗವನ್ನೂ ಅಳಿಸಿ ಇದೇ ತರದ ಗದ್ದಲ ಎಬ್ಬಿಸುತ್ತದೆ.

ತಿದ್ದಿದ್ದು ಪ್ಯಾಚ್‌ಗೆ ಬರಲೇ ಇಲ್ಲ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಇದೇ. ನಿಧಾನವಾಗಿ ಓದಿ.

ಕ್ವಿಲ್ಟ್‌ನಲ್ಲಿ ಒಂದು ಫೈಲನ್ನು ತಿದ್ದುವ ಮುಂಚೆ ‘ಕ್ವಿಲ್ಟ್ ಆಡ್’ ಮಾಡಬೇಕು. ಆ ಹೊತ್ತಿಗೆ ಫೈಲ್ ಹೇಗಿತ್ತೋ ಹಾಗೆ ಅದರ ಪ್ರತಿಯನ್ನು ‘.ಪಿಸಿ’ ಒಳಗೆ ಆ ಪ್ಯಾಚ್ ಹೆಸರಿನ ಫೋಲ್ಡರ್‌ನಲ್ಲಿ ಎತ್ತಿಡುತ್ತದೆ. ರಿಫ್ರೆಶ್ ಎಂದರೆ ಎತ್ತಿಟ್ಟ ಪ್ರತಿಗೂ ಈಗಿನ ಫೈಲಿಗೂ ಇರುವ ವ್ಯತ್ಯಾಸ ಬರೆಯುವುದು, ಅಷ್ಟೇ. ನಾನು ಯಾವಾಗಲೂ ‘ಕ್ವಿಲ್ಟ್ ಎಡಿಟ್’ ಬಳಸುವವಳು. ಅದು ತಾನೇ ಆಡ್ ಮಾಡಿ ಎಡಿಟರ್ ತೆರೆಯುತ್ತದೆ. ಹಾಗಾಗಿ ನನ್ನ ‘ಉಳಿಸು’ ಸ್ಕ್ರಿಪ್ಟ್‌ನಲ್ಲಿ ಆಡ್ ಆಗಿದೆಯಾ ಎಂಬ ಪ್ರಶ್ನೆಯೇ ಇರಲಿಲ್ಲ.

ನಮ್ಮ ತಂಡದ ಒಬ್ಬರು ವಿಎಸ್ ಕೋಡ್‌ನಲ್ಲಿ ಇಡೀ ಕರ್ನಲ್ ತೆರೆದಿಟ್ಟು ಎಲ್ಲಿ ಬೇಕೋ ಅಲ್ಲಿ ತಿದ್ದುವವರು. ಒಂದು ಸಂಜೆ ತಿದ್ದಿ, ಬೋರ್ಡ್‌ಗೆ ಹಾಕಿ, ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿ, ‘ಉಳಿಸು’ ಓಡಿಸಿದರು. ಪ್ಯಾಚ್ ಬದಲಾಗಿಲ್ಲ ಅಂತ ಕ್ವಿಲ್ಟ್ ಹೇಳಿತು. ಆಗಲೇ ಉಳಿಸಿಬಿಟ್ಟಿದ್ದೇನೆ ಅಂದುಕೊಂಡರು. ಬಿಲ್ಡ್ ಸರ್ವರ್‌ನ ಇಮೇಜ್‌ನಲ್ಲಿ ಆ ತಿದ್ದುಪಡಿ ಇರಲಿಲ್ಲ. ಅವರ ಯಂತ್ರದಲ್ಲಿ ಬಿಲ್ಡ್ ಮಾಡಿದರೆ ಇರುತ್ತಿತ್ತು, ಏಕೆಂದರೆ ಯಾವ ಪ್ಯಾಚ್‌ಗೂ ಸೇರದ ಫೈಲನ್ನು ಪಾಪ್, ಪುಶ್ ಎರಡೂ ಮುಟ್ಟುವುದಿಲ್ಲ. ತಿದ್ದುಪಡಿ ಅವರ ಕರ್ನಲ್ ಮರದಲ್ಲಿ (ಸೋರ್ಸ್ ಫೈಲ್‌ಗಳಿರುವ ಫೋಲ್ಡರ್‌ನಲ್ಲಿ) ಹಾಗೇ ಉಳಿದಿತ್ತು. ಎರಡು ದಿನ ಸರ್ವರ್‌ನ ಕಂಪೈಲರನ್ನು ಅನುಮಾನಿಸಿದೆವು.

ಪತ್ತೆ ಹೀಗೆ. ಕರ್ನಲ್ ಮರ ಗಿಟ್‌ನಲ್ಲೇ ಇರುವುದರಿಂದ, ‘ಗಿಟ್ ಡಿಫ್ --ನೇಮ್-ಓನ್ಲಿ’ ಕೊಡುವ ಪಟ್ಟಿಯಿಂದ ‘ಕ್ವಿಲ್ಟ್ ಫೈಲ್ಸ್ -ಎ’ ಕೊಡುವ ಪಟ್ಟಿಯನ್ನು ಕಳೆಯಿರಿ. ಉಳಿದದ್ದು ಯಾವ ಪ್ಯಾಚ್‌ನಲ್ಲೂ ಇಲ್ಲದ ತಿದ್ದುಪಡಿ. ಹೊಸದಾಗಿ ಹುಟ್ಟಿದ ಫೈಲ್‌ಗಳು ಗಿಟ್ ಡಿಫ್‌ನಲ್ಲಿ ಬರುವುದಿಲ್ಲ, ಅದಕ್ಕೆ ‘ಗಿಟ್ ಸ್ಟೇಟಸ್’ ಬೇಕು. ಈಗ ನಮ್ಮ ‘ಉಳಿಸು’ ಮೊದಲು ಇದನ್ನು ಮಾಡಿ, ಏನಾದರೂ ಉಳಿದರೆ ಹೆಸರು ಹೇಳಿ ನಿಲ್ಲುತ್ತದೆ.

ಇಲ್ಲಿ ಎಲ್ಲರೂ ಬೀಳುವ ಹೊಂಡ: ಹೆಸರು ಕಂಡ ಕೂಡಲೇ ‘ಕ್ವಿಲ್ಟ್ ಆಡ್’ ಕೊಟ್ಟುಬಿಡುವುದು. ಆಗ ಎತ್ತಿಡುವುದು ಆಗಲೇ ತಿದ್ದಿದ ಪ್ರತಿಯನ್ನು. ಎರಡೂ ಒಂದೇ ಆದ್ದರಿಂದ ರಿಫ್ರೆಶ್ ಮತ್ತೆ ಖಾಲಿ. ಸರಿಯಾದ ದಾರಿ ಏನಂದರೆ, ಆ ಫೈಲಿನ ಗಿಟ್ ಡಿಫನ್ನು ಒಂದು ತಾತ್ಕಾಲಿಕ ಫೈಲಿಗೆ ಬರೆದುಕೊಳ್ಳಿ, ‘ಪ್ಯಾಚ್ -ಆರ್ -ಪಿ1’ ಕೊಟ್ಟು ತಿದ್ದುಪಡಿಯನ್ನು ಹಿಂದೆ ತಗೊಳ್ಳಿ, ಅದೇ ತಾತ್ಕಾಲಿಕ ಫೈಲನ್ನು ‘ಕ್ವಿಲ್ಟ್ ಫೋಲ್ಡ್’ಗೆ ಉಣಿಸಿ, ಆಮೇಲೆ ರಿಫ್ರೆಶ್ ಮಾಡಿ. ಫೋಲ್ಡ್ ತಾನೇ ಫೈಲನ್ನು ಮೇಲಿನ ಪ್ಯಾಚ್‌ಗೆ ಸೇರಿಸಿಕೊಂಡು ಬದಲಾವಣೆ ಹಾಕುತ್ತದೆ.

ಇದಕ್ಕಿಂತ ಸೂಕ್ಷ್ಮವಾದ್ದು ಇನ್ನೊಂದಿದೆ. ತಿದ್ದಿದ ಫೈಲ್ ಕೆಳಗಿನ ಒಂದು ಪ್ಯಾಚ್‌ನಲ್ಲಿದೆ, ಆದರೆ ಈಗ ಮೇಲಿರುವ ಪ್ಯಾಚ್‌ನಲ್ಲಿಲ್ಲ. ಮೇಲಿನ ಕಳೆಯುವ ಲೆಕ್ಕಕ್ಕೆ ಇದು ಸಿಗುವುದಿಲ್ಲ, ಏಕೆಂದರೆ ಹೆಸರು ಎರಡೂ ಪಟ್ಟಿಯಲ್ಲಿದೆ. ಗೊತ್ತಾಗುವುದು ಪಾಪ್ ಮಾಡುವಾಗ: ಆ ಕೆಳಗಿನ ಪ್ಯಾಚ್ ಬಂದ ಕೂಡಲೇ, ಇದು ಸ್ವಚ್ಛವಾಗಿ ಬಿಚ್ಚುತ್ತಿಲ್ಲ, ರಿಫ್ರೆಶ್ ಮಾಡು ಇಲ್ಲವೇ ‘-ಎಫ್’ ಹಾಕು ಅನ್ನುತ್ತದೆ. ಎರಡೂ ಮಾಡಬೇಡಿ! ರಿಫ್ರೆಶ್ ಮಾಡಿದರೆ ತಿದ್ದುಪಡಿ ತಪ್ಪು ಪ್ಯಾಚ್‌ಗೆ ಹೋಗಿ ಕೂರುತ್ತದೆ, ಆರು ತಿಂಗಳಾದ ಮೇಲೆ ಈ ಸಾಲು ಇಲ್ಲಿಗೆ ಯಾಕೆ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ. ‘-ಎಫ್’ ಹಾಕಿದರೆ ತಿದ್ದುಪಡಿಯೇ ಹೋಗುತ್ತದೆ. ಅಲ್ಲೇ ನಿಂತು ‘ಕ್ವಿಲ್ಟ್ ಡಿಫ್ -ಝಡ್’ ಕೊಡಿ. ಕೊನೆಯ ರಿಫ್ರೆಶ್ ನಂತರ ಬಂದದ್ದನ್ನು ಮಾತ್ರ ಅದು ತೋರಿಸುತ್ತದೆ. ಅದನ್ನು ತಾತ್ಕಾಲಿಕ ಫೈಲಿಗೆ ಬರೆದುಕೊಂಡು ಹಿಂದೆ ತಗೊಳ್ಳಿ, ಬೇಕಾದ ಪ್ಯಾಚ್‌ವರೆಗೆ ಪುಶ್ ಮಾಡಿ, ಅಲ್ಲಿ ಫೋಲ್ಡ್ ಮಾಡಿ. ಈ ಹಂತದಲ್ಲಿ ‘ಗಿಟ್ ಚೆಕ್‌ಔಟ್’ನಿಂದ ಫೈಲನ್ನು ಹಿಂದಕ್ಕೆ ತರಲು ಹೋದರೆ ಕೆಳಗಿನ ಪ್ಯಾಚ್‌ಗಳು ಆ ಫೈಲಿಗೆ ಮಾಡಿದ್ದೂ ಅಳಿಸಿಹೋಗುತ್ತದೆ. ಗಿಟ್‌ಗೆ ಕ್ವಿಲ್ಟ್‌ನ ಪ್ಯಾಚ್‌ಗಳು ಗೊತ್ತೇ ಇಲ್ಲ, ಅದರ ಕಣ್ಣಿಗೆ ಎಲ್ಲವೂ ಕಮಿಟ್ ಆಗದ ಬದಲಾವಣೆ.

ಕೌದಿ ಹೊಲಿಯುವುದನ್ನು ನೋಡಿದವರಿಗೆ ಈ ರಚನೆ ಬೇಗ ಹತ್ತುತ್ತದೆ. ಕ್ವಿಲ್ಟ್ ಎಂದರೂ ಅದೇ ಅಲ್ಲವೇ. ತುಂಡಿನ ಮೇಲೆ ತುಂಡು ಕ್ರಮವಾಗಿ ಕೂರುತ್ತದೆ, ಕೆಳಗಿನದನ್ನು ತಿದ್ದಬೇಕಾದರೆ ಮೇಲಿನ ಹೊಲಿಗೆ ಬಿಚ್ಚಿಯೇ ತಿದ್ದಬೇಕು.

ಸ್ಕ್ರಿಪ್ಟ್ ಏನೂ ಹೇಳದೆ ನಿಲ್ಲುತ್ತದೆ

ಬಿಲ್ಡ್ ಸ್ಕ್ರಿಪ್ಟ್‌ನ ಮೇಲ್ಗಡೆ ‘ಸೆಟ್ -ಇ’ ಇತ್ತು, ಯಾವ ಕಮಾಂಡ್ ವಿಫಲವಾದರೂ ಅಲ್ಲೇ ನಿಲ್ಲಲಿ ಅಂತ. ಒಳಗೆ ‘ಕ್ವಿಲ್ಟ್ ಪುಶ್ -ಎ’. ನನಗೆ ಯಾವತ್ತೂ ನಿಲ್ಲಲಿಲ್ಲ. ಇನ್ನೊಬ್ಬರಿಗೆ ದಿನಾ ನಿಲ್ಲುತ್ತಿತ್ತು. ಕಾರಣ ನಾನು ಪ್ರತಿ ಸಂಜೆ ಎಲ್ಲ ಪಾಪ್ ಮಾಡಿ ಹೊರಡುತ್ತೇನೆ, ಅವರು ಪ್ಯಾಚ್‌ಗಳನ್ನು ಅಪ್ಲೈ ಮಾಡಿಯೇ ಬಿಡುತ್ತಾರೆ. ಎಲ್ಲ ಆಗಲೇ ಅಪ್ಲೈ ಆಗಿದ್ದರೆ ಪುಶ್‌ನ ನಿರ್ಗಮನ ಸಂಖ್ಯೆ 0 ಅಲ್ಲ, 2. ಕೆಲಸ ಆಯಿತು ಎಂದರೆ 0, ತಪ್ಪಾಯಿತು ಎಂದರೆ 1, ಮಾಡಲು ಏನೂ ಇರಲಿಲ್ಲ ಎಂದರೆ 2. ಸ್ಕ್ರಿಪ್ಟ್ ಬರೆಯುವವರಿಗೆ ಅನುಕೂಲವಾಗಲಿ ಅಂತಲೇ ಹೀಗೆ ಇಟ್ಟಿದ್ದಾರೆ ಅಂತ ಕ್ವಿಲ್ಟ್‌ನ ಮ್ಯಾನ್ ಪುಟ ಹೇಳುತ್ತದೆ. ಮ್ಯಾನ್ ಪುಟವನ್ನು ನಾನು ಆ ತನಕ ಪೂರ್ತಿ ಓದಿರಲಿಲ್ಲ.

ಅವರು ತಮ್ಮ ಪ್ರತಿಯಲ್ಲಿ ಪುಶ್ ಸಾಲಿನ ಕೊನೆಗೆ ‘|| ಟ್ರೂ’ ಸೇರಿಸಿಕೊಂಡು ಮುಂದೆ ಹೋಗಿದ್ದರು. ಇದು ತುಂಬ ಅಪಾಯ. 2ರ ಜೊತೆ 1 ಕೂಡ ನುಂಗಿಹೋಗುತ್ತದೆ. ಒಂದು ದಿನ ನಲವತ್ತೊಂದನೆಯ ಪ್ಯಾಚ್ ಅಪ್ಲೈ ಆಗಲಿಲ್ಲ, ಸ್ಕ್ರಿಪ್ಟ್ ನಲವತ್ತು ಪ್ಯಾಚ್‌ನ ಕರ್ನಲ್ಲನ್ನೇ ಬಿಲ್ಡ್ ಮಾಡಿ ಕೊಟ್ಟಿತು. ಬೋರ್ಡ್ ಬೂಟ್ ಆಯಿತು, ಪರದೆ ಮಾತ್ರ ಕಪ್ಪಗಿತ್ತು. ಡಿಸ್‌ಪ್ಲೇ ಕೇಬಲ್ ಬದಲಿಸಿ ನೋಡಿದವರೂ ನಮ್ಮಲ್ಲಿದ್ದಾರೆ.

ಸರಿಯಾದ ರೂಪ: ‘ಕ್ವಿಲ್ಟ್ ಪುಶ್ -ಎ || [ $? -ಇಕ್ಯು 2 ]’. 0 ಮತ್ತು 2 ದಾಟುತ್ತವೆ, 1 ನಿಲ್ಲಿಸುತ್ತದೆ. ಮೇಲೆ ಹೇಳಿದ ಒಂದೊಂದಾಗಿ ಪುಶ್-ರಿಫ್ರೆಶ್ ಮಾಡುವ ಲೂಪ್‌ಗೂ ಇದೇ ಎಚ್ಚರ ಬೇಕು. ಲೂಪ್ ನಿಂತದ್ದು ಮುಗಿದು ನಿಂತದ್ದಾ, ಮುರಿದು ನಿಂತದ್ದಾ ಅಂತ ಸಂಖ್ಯೆ ನೋಡಿ ಹೇಳಬೇಕು.

ಪ್ಯಾಚ್ ಫೈಲ್ ಸಿಗುತ್ತಿಲ್ಲ, ಆದರೆ ಕಣ್ಣೆದುರೇ ಇದೆ

ಇದರ ಮೂಲ, ಕ್ವಿಲ್ಟ್ ಮನುಷ್ಯರಿಗೆ ಅಂತ ಮುದ್ರಿಸಿದ್ದನ್ನು ಸ್ಕ್ರಿಪ್ಟ್ ಓದಿಕೊಳ್ಳುವುದು. ‘ಕ್ವಿಲ್ಟ್ ಸೀರೀಸ್’ ಕೊಟ್ಟ ಹೆಸರಿಗೆ ಮುಂದೆ ‘ಪ್ಯಾಚಸ್/’ ಸೇರಿಸಿ ಫೈಲ್ ತೆರೆಯುತ್ತಿದ್ದೆ. ‘ಕ್ವಿಲ್ಟ್_ಪ್ಯಾಚಸ್_ಪ್ರಿಫಿಕ್ಸ್’ ಹಾಕಿಕೊಂಡವರಲ್ಲಿ ಕ್ವಿಲ್ಟ್ ತಾನೇ ದಾರಿಯನ್ನೂ ಸೇರಿಸಿ ಮುದ್ರಿಸುವುದರಿಂದ ಅದು ‘ಪ್ಯಾಚಸ್/ಪ್ಯಾಚಸ್/…’ ಆಯಿತು. ಸೀರೀಸ್‌ಗೆ ‘-ವಿ’ ಯಾವಾಗಲೂ ಇರಲಿ ಅಂತ ಸೆಟ್ಟಿಂಗ್‌ನಲ್ಲಿ ಬರೆದುಕೊಂಡವರಲ್ಲಿ ಹೆಸರಿನ ಮುಂದೆ ‘+’, ‘=’ ಗುರುತು ಬಂತು. ಬಣ್ಣವನ್ನು ‘ಆಲ್ವೇಸ್’ ಅಂತ ಇಟ್ಟವರಲ್ಲಿ ಕಣ್ಣಿಗೆ ಕಾಣದ ಬಣ್ಣದ ಸಂಕೇತಗಳು ಹೆಸರಿಗೆ ಅಂಟಿದವು. ಒಬ್ಬರ ಯಂತ್ರ ಜರ್ಮನ್ ಭಾಷೆಯಲ್ಲಿತ್ತು. ಕ್ವಿಲ್ಟ್‌ಗೆ ಜರ್ಮನ್ ಅನುವಾದ ಇದೆ, ನನ್ನ ಗ್ರೆಪ್ ಇಂಗ್ಲಿಷ್ ವಾಕ್ಯ ಹುಡುಕುತ್ತಿತ್ತು.

ನಾಲ್ಕಕ್ಕೂ ಮದ್ದು ಒಂದೇ. ಸ್ಕ್ರಿಪ್ಟ್ ಶುರುವಿನಲ್ಲಿ ‘ಎಲ್‌ಸಿ_ಆಲ್=ಸಿ’ ಇಡಿ, ರೆಪೊದ ಕ್ವಿಲ್ಟ್‌ಆರ್‌ಸಿ ಬಳಸಿ, ಸಾಧ್ಯವಾದಲ್ಲೆಲ್ಲ ವಾಕ್ಯ ಹುಡುಕುವ ಬದಲು ನಿರ್ಗಮನ ಸಂಖ್ಯೆ ನೋಡಿ.

ಒಬ್ಬರಲ್ಲಿ ಅಪ್ಲೈ ಆಗುತ್ತದೆ, ಇನ್ನೊಬ್ಬರಲ್ಲಿ ಆಗುವುದಿಲ್ಲ

ಕರ್ನಲ್ಲನ್ನು 6.1ರಿಂದ 6.6ಕ್ಕೆ ಏರಿಸಿದಾಗ ನನ್ನಲ್ಲಿ ಎಲ್ಲ ಪ್ಯಾಚ್ ಸಲೀಸಾಗಿ ಅಪ್ಲೈ ಆದವು. ಗಿಟ್‌ನಲ್ಲೇ ಕೆಲಸ ಮಾಡುವ ಸಹೋದ್ಯೋಗಿ, ಪ್ಯಾಚ್‌ಗಳನ್ನು ಕಮಿಟ್‌ಗಳಾಗಿ ಹಾಕುವ ‘ಗಿಟ್ ಎಎಂ’ ಬಳಸಿದಾಗ ಮೂರು ಪ್ಯಾಚ್ ನಿಂತವು. ಅವರ ವಿಧಾನದಲ್ಲಿ ಏನೋ ತಪ್ಪಿದೆ ಅಂತ ವಾದಿಸಿದೆ. ತಪ್ಪು ನನ್ನ ಕಡೆ ಇತ್ತು.

ಪ್ಯಾಚ್‌ನ ಒಳಗಿನ ಒಂದೊಂದು ಬದಲಾವಣೆಯ ತುಂಡಿಗೆ ಹಂಕ್ ಅನ್ನುತ್ತಾರೆ. ಒಂದು ಹಂಕ್‌ನ ಮೇಲೂ ಕೆಳಗೂ ಸಾಮಾನ್ಯವಾಗಿ ಮೂರು ಸಾಲು ಸಂದರ್ಭ, ಅಂದರೆ ಬದಲಾಗದ ಪಕ್ಕದ ಸಾಲು, ಇರುತ್ತದೆ. ಕ್ವಿಲ್ಟ್ ಒಳಗೆ ಬಳಸುವ ಗ್ನು ಪ್ಯಾಚ್ ಪ್ರೋಗ್ರಾಂ, ನಾವು ಏನೂ ಹೇಳದಿದ್ದರೆ ಫಝ್ 2ರವರೆಗೆ ಹೋಗುತ್ತದೆ, ಅಂದರೆ ಮೇಲೆ ಕೆಳಗೆ ಎರಡೆರಡು ಸಾಲು ಹೊಂದದಿದ್ದರೂ ಪರವಾಗಿಲ್ಲ ಅಂತ ಒಪ್ಪಿಕೊಳ್ಳುತ್ತದೆ. ಉಳಿಯುವುದು ಒಂದೊಂದೇ ಸಾಲು. ಡ್ರೈವರ್ ಕೋಡ್‌ನಲ್ಲಿ ಆ ಒಂದು ಸಾಲು ‘ರಿಟರ್ನ್ ರೆಟ್;’ ಅಥವಾ ಬರೀ ಮುಚ್ಚುವ ಆವರಣ ಆಗಿರುವುದು ತೀರ ಮಾಮೂಲು. ನಮ್ಮ ಒಂದು ಹಂಕ್ ಸಸ್ಪೆಂಡ್ ಫಂಕ್ಷನ್‌ಗೆ ಹೋಗಬೇಕಾದ್ದು ಪಕ್ಕದ ರೆಸ್ಯೂಮ್‌ಗೆ ಹೋಗಿ ಕೂತಿತ್ತು. ಕಂಪೈಲ್ ಆಯಿತು, ಎಚ್ಚರಿಕೆಯೂ ಬರಲಿಲ್ಲ. ಗಿಟ್ ಸಂದರ್ಭದ ಸಾಲುಗಳೆಲ್ಲ ಹೊಂದಬೇಕು ಅನ್ನುತ್ತದೆ, ಅದಕ್ಕೇ ನಿಂತಿತ್ತು.

‘ಪುಶ್ -ಎ --ಫಝ್=0’ ಕೊಟ್ಟು ನೋಡಿ. ನಿಂತ ಪ್ರತಿ ಪ್ಯಾಚನ್ನೂ ಕಣ್ಣಿಟ್ಟು ನೋಡಿ, ಸರಿಯಾದ ಜಾಗದಲ್ಲಿದೆಯಾ ಖಚಿತಪಡಿಸಿಕೊಂಡು ರಿಫ್ರೆಶ್ ಮಾಡಿ. ಡೆಬಿಯನ್ ‘3.0 (ಕ್ವಿಲ್ಟ್)’ ಸೋರ್ಸ್ ರೂಪದಲ್ಲೂ ಪ್ಯಾಚ್‌ಗಳು ಫಝ್ ಇಲ್ಲದೆಯೇ ಅಪ್ಲೈ ಆಗಬೇಕೆಂಬ ನಿಯಮವಿದೆ. ನಾವು ಈಗ ಅದನ್ನೇ ಇಟ್ಟುಕೊಂಡಿದ್ದೇವೆ.

ಹೀಗಿದ್ದರೂ ಅಪ್ಲೈ ಆಗದಿದ್ದರೆ ಪ್ಯಾಚ್ ಹುಟ್ಟಿದ ಯಂತ್ರದ ಗಿಟ್ ಸೆಟ್ಟಿಂಗ್ ನೋಡಿ. ‘ಡಿಫ್.ನೋಪ್ರಿಫಿಕ್ಸ್’ ಹಾಕಿಕೊಂಡವರ ಡಿಫ್‌ನಲ್ಲಿ ‘ಎ/’, ‘ಬಿ/’ ಇರುವುದಿಲ್ಲ, ‘-ಪಿ1’ ಆಗ ದಾರಿಯ ಮೊದಲ ಫೋಲ್ಡರನ್ನೇ ಕಿತ್ತುಹಾಕುತ್ತದೆ. ಸ್ಕ್ರಿಪ್ಟ್ ಡಿಫ್ ತೆಗೆಯುವಲ್ಲೆಲ್ಲ ಎರಡೂ ಪ್ರಿಫಿಕ್ಸ್ ಸ್ಪಷ್ಟವಾಗಿ ಕೊಡಲಿ.

ಬ್ರಾಂಚ್ ಬದಲಿಸಿದ ಮೇಲೆ

ಪ್ಯಾಚ್‌ಗಳು ಅಪ್ಲೈ ಆಗಿರುವಾಗಲೇ ಬ್ರಾಂಚ್ ಬದಲಿಸಿದರೆ ‘ಸೀರೀಸ್’ ಹೊಸ ಬ್ರಾಂಚ್‌ನದ್ದು, ‘.ಪಿಸಿ’ ಹಳೆಯದರದ್ದು. ‘.ಪಿಸಿ’ ಗಿಟ್‌ಇಗ್ನೋರ್‌ನಲ್ಲಿರುವುದರಿಂದ ಗಿಟ್ ಅದನ್ನು ಮುಟ್ಟುವುದಿಲ್ಲ. ಹಳೆಯ ಬ್ರಾಂಚ್‌ಗೆ ವಾಪಸ್ ಹೋಗಿ, ಪಾಪ್ ಮಾಡಿ, ಆಮೇಲೆ ಬನ್ನಿ. ಕೈಯಾರೆ ‘.ಪಿಸಿ’ ಅಳಿಸುವುದು ಕೊನೆಯ ದಾರಿ, ಅದೂ ತಿದ್ದಿದ್ದೆಲ್ಲ ಪ್ಯಾಚ್‌ಗೆ ಸೇರಿದೆ ಅಂತ ಗೊತ್ತಿದ್ದಾಗ ಮಾತ್ರ. ಗಿಟ್‌ನಲ್ಲಿ ಚೆಕ್‌ಔಟ್‌ಗೆ (ಬ್ರಾಂಚ್ ಬದಲಿಸುವುದಕ್ಕೆ) ಮುಂಚೆ ತಾನೇ ಓಡುವ ಸ್ಕ್ರಿಪ್ಟ್, ಅಂದರೆ ಹುಕ್, ಇಲ್ಲ, ನಂತರ ಓಡುವ ‘ಪೋಸ್ಟ್-ಚೆಕ್‌ಔಟ್’ ಮಾತ್ರ ಇದೆ. ಅದರಲ್ಲಿ ನಾವು ಎಚ್ಚರಿಕೆ ಮುದ್ರಿಸುತ್ತೇವೆ. ತಡೆಯಲು ಆಗದಿದ್ದರೂ, ಕೂಡಲೇ ಗೊತ್ತಾದರೆ ವಾಪಸ್ ಹೋಗುವುದು ಸುಲಭ.

ಯಂತ್ರದಿಂದ ಯಂತ್ರಕ್ಕೆ

ಮ್ಯಾಕ್‌ನ ಜೊತೆ ಬರುವ ಬ್ಯಾಶ್ ಇನ್ನೂ 3.2, ‘ಮ್ಯಾಪ್‌ಫೈಲ್’ ಅದರಲ್ಲಿಲ್ಲ. ಅಲ್ಲಿನ ‘ಸೆಡ್ -ಐ’ ಪಕ್ಕದಲ್ಲಿ ಇನ್ನೊಂದು ಪದ ಕೇಳುತ್ತದೆ. ಉಬುಂಟುವಿನಲ್ಲಿ 2006ರ 6.10ರಿಂದಲೇ ‘ಎಸ್‌ಎಚ್’ ಎಂದರೆ ಡ್ಯಾಶ್, ಬ್ಯಾಶ್ ಅಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಅಂತಲೇ ಬರೆಯಿರಿ. ಇವೆಲ್ಲ ಹತ್ತು ನಿಮಿಷದ ತಿದ್ದುಪಡಿ.

ಹತ್ತು ನಿಮಿಷದ್ದಲ್ಲದ್ದು ಒಂದಿದೆ. ಕರ್ನಲ್‌ನ ನೆಟ್‌ಫಿಲ್ಟರ್ ಫೋಲ್ಡರ್‌ನಲ್ಲಿ ‘ಎಕ್ಸ್‌ಟಿ_ಟಿಸಿಪಿಎಂಎಸ್‌ಎಸ್.ಸಿ’ ಎಂಬ ಫೈಲ್ ಎರಡಿವೆ. ಒಂದರಲ್ಲಿ ಕೊನೆಯ ಭಾಗ ದೊಡ್ಡಕ್ಷರ, ಇನ್ನೊಂದರಲ್ಲಿ ಸಣ್ಣಕ್ಷರ. ಮ್ಯಾಕ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗೆ ಎರಡೂ ಒಂದೇ ಹೆಸರು. ಕ್ಲೋನ್ ಮಾಡಿದ ಕ್ಷಣದಲ್ಲೇ ಗಿಟ್ ಕೆಲವು ಫೈಲ್ ಬದಲಾಗಿವೆ ಅನ್ನುತ್ತದೆ, ನಮ್ಮ ‘ಉಳಿಸು’ ತಪ್ಪು ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಸ್ಕ್ರಿಪ್ಟ್‌ನಲ್ಲಿ ವಿನಾಯಿತಿ ಬರೆಯಬೇಡಿ. ಅಕ್ಷರಭೇದ ಗುರುತಿಸುವ ಪ್ರತ್ಯೇಕ ವಾಲ್ಯೂಮ್ ಮಾಡಿ ಅದರಲ್ಲಿ ಕ್ಲೋನ್ ಮಾಡಿ.

ಎಲ್ಲಿ ಕಟ್ಟುನಿಟ್ಟು, ಎಲ್ಲಿ ಸ್ವಾತಂತ್ರ್ಯ

ಕ್ವಿಲ್ಟ್‌ನ ಹುಟ್ಟೂ ಇದೇ ಕಥೆ. ಕರ್ನಲ್ ಡೆವಲಪರ್ ಆಂಡ್ರೂ ಮಾರ್ಟನ್ ನೂರಾರು ಪ್ಯಾಚ್‌ಗಳನ್ನು ಒಟ್ಟಿಗೆ ಹೊರಲು ತಮಗಾಗಿ ಬರೆದುಕೊಂಡ ಸ್ಕ್ರಿಪ್ಟ್‌ಗಳು ಮೂಲ. ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ, ಇವು ಅದಕ್ಕಿಂತ ಹಳೆಯವು. ಅವರಲ್ಲಿ ಪ್ರತಿ ಪ್ಯಾಚ್‌ಗೂ ಫೈಲ್‌ಗಳ ಪಟ್ಟಿ ‘ಪಿಸಿ’ ಎಂಬ ಫೋಲ್ಡರ್‌ನಲ್ಲಿ, ವಿವರಣೆ ‘ಟಿಎಕ್ಸ್‌ಟಿ’ ಎಂಬ ಫೋಲ್ಡರ್‌ನಲ್ಲಿ ಇರುತ್ತಿತ್ತು. ಆಂಡ್ರಿಯಾಸ್ ಗ್ರೂನ್‌ಬಾಕರ್ ಅವನ್ನು ಎತ್ತಿಕೊಂಡು ಎಲ್ಲರಿಗೂ ಒಗ್ಗುವ ಕ್ವಿಲ್ಟ್ ಮಾಡಿದರು. ವಿವರಣೆ ಪ್ಯಾಚ್‌ನ ತಲೆಗೇ ಬಂತು, ಪಟ್ಟಿ ‘.ಪಿಸಿ’ಯೊಳಗೆ ಅಡಗಿತು, ಮಾರ್ಟನ್ ಅವರ ಅಭ್ಯಾಸವಾಗಿದ್ದ ಅನೇಕ ಸಂಗತಿಗಳು ಬದಲಿಸಬಹುದಾದ ವೇರಿಯಬಲ್‌ಗಳಾದವು.

ನಾವು ಕಂಡುಕೊಂಡ ಗೆರೆ ಇದು: ‘ಪ್ಯಾಚಸ್’ ಫೋಲ್ಡರ್ ಮತ್ತು ‘ಸೀರೀಸ್’ ಫೈಲ್ ಎಲ್ಲರದ್ದು, ಅದರ ರೂಪದಲ್ಲಿ ಒಂದು ಅಕ್ಷರದ ರಿಯಾಯಿತಿ ಇಲ್ಲ. ಅಲ್ಲಿಗೆ ಹೇಗೆ ಬಂದು ತಲುಪಿದಿರಿ ಎಂಬುದು ನಿಮ್ಮದು. ಪ್ರತಿ ಕಮಿಟ್‌ಗೆ ಬಿಲ್ಡ್ ಸರ್ವರ್ ಖಾಲಿ ಮರದ ಮೇಲೆ ಫಝ್ 0ರಲ್ಲಿ ಒಂದೊಂದಾಗಿ ಪುಶ್ ಮಾಡಿ, ರೆಪೊದ ಸೆಟ್ಟಿಂಗ್‌ನಲ್ಲೇ ರಿಫ್ರೆಶ್ ಮಾಡಿ, ‘ಗಿಟ್ ಡಿಫ್ --ಎಗ್ಜಿಟ್-ಕೋಡ್’ ಕೊಟ್ಟು ನೋಡುತ್ತದೆ. ಒಂದು ಸಾಲು ವ್ಯತ್ಯಾಸ ಬಂದರೂ ವಾಪಸ್.

ಗಿಟ್ ಬ್ರಾಂಚ್‌ನಲ್ಲೇ ಕೆಲಸ ಮಾಡುವವರಿಗೆ ಇದರಿಂದ ದಾರಿ ತೆರೆಯಿತು. ‘ಗಿಟ್ ಕ್ವಿಲ್ಟ್‌ಇಂಪೋರ್ಟ್’ನಿಂದ ಪ್ಯಾಚ್ ಸರಣಿಯನ್ನು ಕಮಿಟ್‌ಗಳಾಗಿ ತಂದುಕೊಳ್ಳುತ್ತಾರೆ. ಕೆಲವು ಹಳೆಯ ಪ್ಯಾಚ್‌ಗಳಲ್ಲಿ ಲೇಖಕರ ಹೆಸರಿಲ್ಲದೆ ಅದು ಪ್ರಶ್ನೆ ಕೇಳಿ ಕಾಯುತ್ತ ಕೂರುತ್ತಿತ್ತು, ಸ್ಕ್ರಿಪ್ಟ್ ಸಿಕ್ಕಿಹಾಕಿಕೊಂಡಂತೆ ಕಾಣುತ್ತಿತ್ತು. ‘--ಆಥರ್’ ಕೊಟ್ಟರೆ ಸರಿ. ವಾಪಸ್ ಕಳಿಸುವಾಗ ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ಗೆ ‘--ನೋ-ಸಿಗ್ನೇಚರ್’ ಮತ್ತು ‘--ಝೀರೋ-ಕಮಿಟ್’ ಬೇಕು, ಇಲ್ಲದಿದ್ದರೆ ಅವರವರ ಗಿಟ್ ಆವೃತ್ತಿಯ ಸಂಖ್ಯೆಯೂ ಕಮಿಟ್‌ನ ಹ್ಯಾಶ್ ಕೂಡ ಪ್ಯಾಚ್ ಒಳಗೆ ಬರುತ್ತವೆ. ಫೈಲ್ ಹೆಸರಿನ ಮುಂದಿನ ‘0001-’ ಕೂಡ ತೆಗೆಯಬೇಕು. ನಡುವೆ ಒಂದು ಪ್ಯಾಚ್ ಸೇರಿದರೆ ಅದರಿಂದಾಚೆಯ ಎಲ್ಲ ಹೆಸರೂ ಬದಲಾಗುತ್ತವೆ, ಕ್ರಮ ಹೇಳುವ ಕೆಲಸ ‘ಸೀರೀಸ್’ ಫೈಲಿನದು. ಕೊನೆಗೆ ಸ್ಕ್ರಿಪ್ಟೇ ಒಂದು ಸುತ್ತು ಕ್ವಿಲ್ಟ್ ರಿಫ್ರೆಶ್ ಮಾಡಿ, ಎಲ್ಲರ ರೂಪಕ್ಕೆ ತರುತ್ತದೆ.

ದೂರು ಹೇಳುವಾಗ

ಈಗ ‘ನಾಡಿ’ ಎಂಬ ಐದನೆಯ ಸ್ಕ್ರಿಪ್ಟ್ ಇದೆ. ಏನನ್ನೂ ಬದಲಿಸುವುದಿಲ್ಲ. ಕ್ವಿಲ್ಟ್, ಪ್ಯಾಚ್, ಗಿಟ್, ಬ್ಯಾಶ್ ಆವೃತ್ತಿ, ಎಕ್ಸ್‌ಪೋರ್ಟ್ ಆದ ಕ್ವಿಲ್ಟ್ ವೇರಿಯಬಲ್‌ಗಳು, ಸ್ವಂತ ಕ್ವಿಲ್ಟ್‌ಆರ್‌ಸಿ ಇದೆಯೇ, ಈಗ ಮೇಲಿರುವ ಪ್ಯಾಚ್, ‘ಅಪ್ಲೈಡ್-ಪ್ಯಾಚಸ್’ ಮತ್ತು ‘ಸೀರೀಸ್’ ಹೊಂದುತ್ತವೆಯೇ, ಯಾವ ಪ್ಯಾಚ್‌ಗೂ ಸೇರದ ಫೈಲ್‌ಗಳು, ಇಷ್ಟನ್ನು ಮುದ್ರಿಸುತ್ತದೆ. ದೂರಿನ ಜೊತೆ ಅದನ್ನು ಅಂಟಿಸಿ ಅಂತ ಕೇಳಿಕೊಂಡಿದ್ದೇನೆ.

ಮೊನ್ನೆ ಹೊಸಬರೊಬ್ಬರು ‘ಸೀರೀಸ್ ಫೈಲೇ ಇಲ್ಲ ಅಂತಿದೆ ಮೇಡಂ, ಆದರೆ ಫೋಲ್ಡರ್‌ನಲ್ಲಿ ಕಾಣ್ತಿದೆ’ ಅಂತ ಬರೆದು ‘ನಾಡಿ’ಯನ್ನು ಅಂಟಿಸಿದ್ದರು. ಅದರಲ್ಲಿ ‘ಕ್ವಿಲ್ಟ್_ಪ್ಯಾಚಸ್=ಡೆಬಿಯನ್/ಪ್ಯಾಚಸ್’ ಎಂದಿತ್ತು. ಹಿಂದಿನ ಕೆಲಸದಲ್ಲಿ ಡೆಬಿಯನ್ ಪ್ಯಾಕೇಜ್ ಮಾಡುತ್ತಿದ್ದವರು, ಆಗ ‘.ಬ್ಯಾಶ್‌ಆರ್‌ಸಿ’ಯಲ್ಲಿ ಬರೆದ ಸಾಲು ಹಾಗೇ ಉಳಿದಿತ್ತು. ಅದನ್ನು ತೆಗೆಯಿರಿ ಅನ್ನಲಿಲ್ಲ, ಮನೆಯಲ್ಲಿ ಅವರು ಇನ್ನೂ ಡೆಬಿಯನ್ ಪ್ಯಾಕೇಜ್ ನೋಡಿಕೊಳ್ಳುತ್ತಾರೆ. ನಮ್ಮ ‘ಟೂಲ್ಸ್/ಕ್ವಿಲ್ಟ್‌ಆರ್‌ಸಿ’ಯಲ್ಲೇ ‘ಕ್ವಿಲ್ಟ್_ಪ್ಯಾಚಸ್=ಪ್ಯಾಚಸ್’ ಎಂದು ಒಂದು ಸಾಲು ಸೇರಿಸಿ ಕಮಿಟ್ ಮಾಡಿದೆ.